ನೀಲಗಿರಿ ಕಟಾವು: ಬೊಡ್ಡೆ ಕಿತ್ತು ಬೆಂಕಿ ಹಾಕಿದರೆ ಮಣ್ಣಿನ ಇಂಗಾಲ ಏನಾಗುತ್ತದೆ?

ಮಸಾರಿಹೊಲ, ಕೊಪ್ಪಳ:
ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣು), ಎಂಟು ವರ್ಷದ ನೀಲಗಿರಿ. ಕಟಾವಿನವರು ಎರಡು ರೇಟು ಹೇಳಿದ್ದಾರೆ. ಬರೀ ದಿಮ್ಮಿ ಒಯ್ದರೆ ಒಂದು. ಟೊಂಗೆ-ಸೊಪ್ಪನ್ನೂ ಒಯ್ದು, ಜೆಸಿಬಿಯಿಂದ ಬೊಡ್ಡೆ ಕಿತ್ತು, ಉಳಿದದ್ದಕ್ಕೆ ಬೆಂಕಿ ಹಾಕಿ ಹೊಲ ಸಾಫ್ ಮಾಡಿಕೊಟ್ಟರೆ ಇನ್ನೊಂದು. ಇದಕ್ಕೆ ದುಡ್ಡು ಜಾಸ್ತಿ ಕೊಡುತ್ತಾರೆ. ಸಾವಯವ ಇಂಗಾಲ 0.5% ಇದೆ. ನಷ್ಟ ಎಷ್ಟು, ಅಳೆಯುವುದು ಹೇಗೆ?

ಕುಳೆಬೆಳೆ, ಸಂಡೂರು:
ಬೊಡ್ಡೆ ಕೀಳಿಸಬೇಡಿ ಸರ್. ಜೆಸಿಬಿ ಮಣ್ಣು ಬುಡಮೇಲು ಮಾಡಿದರೆ ಹೆಂಟೆಯೊಳಗೆ ಭದ್ರವಾಗಿದ್ದ ಇಂಗಾಲಕ್ಕೆ ಗಾಳಿ ತಾಗಿ, ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ. ಬೇರು ಅಲ್ಲೇ ಕೊಳೆತರೆ ಅದೇ ಮಣ್ಣಿಗೆ ಗೊಬ್ಬರ. ಬೊಡ್ಡೆಯಿಂದ ಮತ್ತೆ ಚಿಗುರುವ ಕುಳೆ ಬೇಕಿದ್ದರೆ ನೆಲದಿಂದ 10–15 ಸೆಂ.ಮೀ. ಎತ್ತರಕ್ಕೆ ಗರಗಸದಿಂದ ಓರೆಯಾಗಿ ಕೊಯ್ಯಿಸಿ. ತೊಗಟೆ ಸಿಗಿದರೆ ಚಿಗುರು ಸರಿ ಬರುವುದಿಲ್ಲ.

ಕಟಾವಿನಲ್ಲಿ ಮೊದಲು ಹೋಗುವುದು ಮೇಲಿನ ತರಗೆಲೆ ಪದರ. ಬೆಂಕಿ ಅದನ್ನು ಒಂದೇ ದಿನದಲ್ಲಿ ಮುಗಿಸುತ್ತದೆ. ಬೂದಿ ಮೊದಲ ಮಳೆಗೆ ಹಳ್ಳ ಸೇರುತ್ತದೆ. ದಿಮ್ಮಿಯ ತೊಗಟೆಯನ್ನೂ ಹೊಲದಲ್ಲೇ ಸುಲಿಸಿ ಹರಡಿಸಿ, ಮರದ ಸುಣ್ಣದ ಅಂಶ ಬಹಳಷ್ಟು ಇರುವುದು ಅದರಲ್ಲೇ. ಸೊಪ್ಪು-ಸದೆಯನ್ನು ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿ. ಬೇಸಿಗೆ ಬೆಂಕಿಯ ಭಯ ಇದ್ದೇ ಇದೆ, ಬದುವಿನಿಂದ ದೂರ ಇರಲಿ.

ಎರಿಭೂಮಿ, ಸಿರುಗುಪ್ಪ:
ಅಳತೆಯಲ್ಲಿ ಮೋಸ ಹೋಗುವುದು ಇಲ್ಲೇ. ಶೇಕಡಾವಾರು ಒಂದೇ ಸಾಲದು, ಮಣ್ಣಿನ ಸಾಂದ್ರತೆಯೂ ಬೇಕು. ಇಂಗಾಲ ಶೇ. 0.5 ಅಂದರೆ 0.5 × 1.4 ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಒಣಮಣ್ಣು) × 30 ಸೆಂ.ಮೀ. ಆಳ = ಹೆಕ್ಟೇರಿಗೆ 21 ಟನ್, ಅಂದರೆ ಎಕರೆಗೆ 8.5. ಲಾರಿ ಓಡಾಡಿ ಸಾಂದ್ರತೆ 1.6 ಆದರೆ ಅದೇ ಲೆಕ್ಕ 24 ಟನ್ ತೋರಿಸುತ್ತದೆ. ಇಂಗಾಲ ಹೆಚ್ಚಿಲ್ಲ, ಮಣ್ಣು ಅದುಮಿಕೊಂಡಿದೆ ಅಷ್ಟೇ! ಅದಕ್ಕೇ ಚಕ್ರದ ಜಾಡು ಬೇರೆ, ಸಾಲಿನ ನಡುವಿನ ಜಾಗ ಬೇರೆ ಅಂತ ಮಾದರಿ ತೆಗೆಯಿರಿ, ಕಟಾವಿನ ಮೊದಲು-ನಂತರದ ಹೋಲಿಕೆಯನ್ನು ಒಂದೇ ತೂಕದ ಒಣಮಣ್ಣಿಗೆ ಮಾಡಿ. ತರಗೆಲೆ ಸರಿಸಿ, ಅದನ್ನು 50 × 50 ಸೆಂ.ಮೀ. ಚೌಕದಲ್ಲಿ ಬೇರೆಯೇ ತೂಗಿ.

ಎರಿ (ಕಪ್ಪು ಮಣ್ಣಿನ) ನೆಲದವರಿಗೆ ಇನ್ನೊಂದು ಮಾತು. ನಮ್ಮ ಮಣ್ಣಲ್ಲಿ ಸುಣ್ಣದ ಹರಳು ಇರುತ್ತದೆ. ಮಣ್ಣು ಸುಟ್ಟು ಅಳೆಯುವ ಯಂತ್ರದಲ್ಲಿ ಅದರ ಇಂಗಾಲವೂ ಸೇರಿಬಿಡುತ್ತದೆ. ಮೊದಲೇ ಆಮ್ಲ ಹಾಕಿ ತೆಗೆಸಬೇಕು, ಇಲ್ಲವೇ ಸುಣ್ಣದ ಇಂಗಾಲ ಸೇರಿಸದೆ ಸಾವಯವ ಇಂಗಾಲವನ್ನಷ್ಟೇ ರಾಸಾಯನಿಕದಿಂದ ಅಳೆಯುವ ವಾಕ್ಲಿ-ಬ್ಲ್ಯಾಕ್ ವಿಧಾನ ಕೇಳಿ.

ಮಸಾರಿಹೊಲ, ಕೊಪ್ಪಳ:
ನಮ್ಮಲ್ಲಿ ಗರಸು (ಕಲ್ಲುಹರಳು) ಜಾಸ್ತಿರೀ, ಸಾಂದ್ರತೆ ಅಳೆಯಲು ಮಣ್ಣು ತೆಗೆಯುವ ರಿಂಗ್ ಒಳಗೆ ಇಳಿಯುವುದೇ ಇಲ್ಲ.

ಎರಿಭೂಮಿ, ಸಿರುಗುಪ್ಪ:
ಹಂಗಾದರೆ ಚಿಕ್ಕ ಗುಂಡಿ ತೋಡಿ, ಮಣ್ಣು ಪೂರಾ ಚೀಲಕ್ಕೆ ತುಂಬಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ, ಅಂಚಿನವರೆಗೆ ಅಳೆದು ನೀರು ಸುರಿಯಿರಿ. ಅದೇ ಗುಂಡಿಯ ಗಾತ್ರ. ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿಯಿರಿ. ಕಲ್ಲಿನ ತೂಕ ಬಿಟ್ಟು ಬರೀ ಸಣ್ಣ ಮಣ್ಣಿನ ತೂಕವನ್ನು (ಗ್ರಾಂ) ಗುಂಡಿಯ ಗಾತ್ರದಿಂದ (ಮಿ.ಲೀ.) ಭಾಗಿಸಿ, ಆ ಅಂಕಿಯನ್ನೇ ಸಾಂದ್ರತೆಯ ಜಾಗದಲ್ಲಿ ಹಾಕಿ. ಕಲ್ಲು ಸೇರಿಸಿದರೆ ಇಲ್ಲದ ಇಂಗಾಲ ಲೆಕ್ಕಕ್ಕೆ ಬರುತ್ತದೆ.

ಕುಳೆಬೆಳೆ, ಸಂಡೂರು:
ಲಾರಿಯನ್ನು ಹೊಲದೊಳಗೆ ಒಂದೇ ದಾರಿಯಲ್ಲಿ ಓಡಿಸಲು ಕರಾರಿನಲ್ಲೇ ಬರೆಸಿ. ಹಸಿ ನೆಲದ ಮೇಲೆ ಬೇಡವೇ ಬೇಡ, ಜನವರಿ-ಫೆಬ್ರವರಿಯಲ್ಲಿ ಕಟಾವು ಮುಗಿಸಿ.