ಪದ ಬೇಕು (ತುರ್ತು): 10⁻⁷ ಮತ್ತು 'ಇಷ್ಟು ಪಟ್ಟು ಚಿಕ್ಕದು'

ಫಲಕದವಳು:
ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನವೊಂದರ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಮೂರು ಚಿತ್ರ, ಮೂರು ಅಳತೆ, ಎಲ್ಲ ಸುಮಾರು ಲೆಕ್ಕ:

ಕೂದಲಿನ ದಪ್ಪ: 7×10⁻⁵ ಮೀಟರ್
ಕೆಂಪು ರಕ್ತಕಣ: 7×10⁻⁶ ಮೀಟರ್
ಕೊರೋನಾ ವೈರಸ್: 1×10⁻⁷ ಮೀಟರ್

ತೊಡಕು ಎರಡು. ಹೀಗೆ ಬರೆಯುವ ಕ್ರಮಕ್ಕೆ (10⁻⁷ ಅಂದರೆ ಒಂದನ್ನು ಹತ್ತರಿಂದ ಏಳು ಸಲ ಭಾಗಿಸಿದ್ದು) 'ವೈಜ್ಞಾನಿಕ ಸಂಕೇತ' ಅಂದಿದ್ದೆ. ಓದಿದವರು ಯಾವುದೋ ಚಿಹ್ನೆ ಅಂದುಕೊಂಡರು. ಇನ್ನೊಂದು, ಮೂಲದಲ್ಲಿ ವೈರಸ್ಸು ಕೂದಲಿಗಿಂತ ಎರಡು 'ಆರ್ಡರ್ ಆಫ್ ಮ್ಯಾಗ್ನಿಟ್ಯೂಡ್' ಚಿಕ್ಕದು ಎಂದಿದೆ (ಒಂದು ಆರ್ಡರ್ ಅಂದರೆ ಸುಮಾರು ಹತ್ತು ಪಟ್ಟಿನ ಅಂತರ). ನಾನು 'ನೂರು ಪಟ್ಟು ಚಿಕ್ಕದು' ಅಂತ ಬರೆದೆ. ಕಿವಿಗೆ ಯಾಕೋ ಹಿಡಿಸುತ್ತಿಲ್ಲ.

ಅಚ್ಚಗನ್ನಡ:
'ವೈಜ್ಞಾನಿಕ'ವೂ ಬೇಡ, 'ಸಂಕೇತ'ವೂ ಬೇಡ. 'ಹತ್ತರ ಮಡಿಬರಹ' ಅನ್ನಿ. ಇಮ್ಮಡಿ, ಮುಮ್ಮಡಿ, ನೂರ್ಮಡಿ ನಮ್ಮಲ್ಲೇ ಇರುವಾಗ ಹತ್ತರ ತಲೆಯ ಮೇಲಿನ ಪುಟ್ಟ ಅಂಕಿಗೆ ಘಾತ, ಘಾತಾಂಕ ಅನ್ನುವುದು ಯಾಕೆ? 'ಋಣ ಘಾತ' ಅಂದರೆ ಸಾಲ ಕೊಟ್ಟವನಿಗೆ ಯಾರೋ ಬಾರಿಸಿದ ಹಾಗಿದೆ.

ಹಳೇ ಮೇಷ್ಟ್ರು:
ಇಮ್ಮಡಿ ಅಂದರೆ ಎರಡರಷ್ಟು. ಅದು ಗುಣಾಕಾರ. ಹತ್ತರ ಮೂರನೇ ಘಾತ ಸಾವಿರ, ಹತ್ತರ ಮುಮ್ಮಡಿ ಮೂವತ್ತು. ಈ ಎರಡನ್ನೂ ಒಂದೇ ಪದಕ್ಕೆ ಕಟ್ಟಿದರೆ ಮಕ್ಕಳ ಗತಿ ಏನು? ಘಾತ ಇರಲಿ. ಗಣಿತದಲ್ಲಿ ಆ ಪದ ಬಂದದ್ದು ಹೊಡೆತದ ಅರ್ಥದಲ್ಲಲ್ಲ, ಗುಣಿಸುವ ಅರ್ಥದಲ್ಲಿ. ಋಣವೂ ಹಾಗೆಯೇ. 628ರಲ್ಲೇ ಬ್ರಹ್ಮಗುಪ್ತ ಧನ, ಋಣ ಎಂದು ಕೂಡಿ ಕಳೆಯುವ ನಿಯಮ ಬರೆದಿದ್ದಾನೆ. ಹದಿನಾಲ್ಕು ಶತಮಾನ ನಡೆದ ನಾಣ್ಯವನ್ನು ಈಗ ಖೋಟಾ ಅನ್ನಬೇಡಿ.

ಫಲಕದ ಲೆಕ್ಕವೇ ತಪ್ಪಿದೆ, ನೋಡಿದಿರಾ? ಘಾತ ಮಾತ್ರ ಕಳೆದರೆ 7−5=2, ಅಂದರೆ ನೂರು. ಆದರೆ ಮುಂದೆ ಒಂದು ಕಡೆ 7, ಇನ್ನೊಂದು ಕಡೆ 1 ಇದೆ. ಅದನ್ನು ಯಾರು ನೋಡಬೇಕು? 7×10⁻⁵ನ್ನು 1×10⁻⁷ರಿಂದ ಭಾಗಿಸಿದರೆ ಬರುವುದು 700. ಅದು ನೂರಕ್ಕಿಂತ ಸಾವಿರಕ್ಕೆ ಹತ್ತಿರ. ಮೂಲದವರು ಅವಸರದಲ್ಲಿ ಬರೆದಿದ್ದಾರೆ, ನೀವೂ ಅವಸರದಲ್ಲಿ ಅನುವಾದ ಮಾಡಬೇಡಿ.

ತದ್ಭವಪ್ರಿಯ:
'ಪಟ್ಟು ಚಿಕ್ಕದು' ಕನ್ನಡವಲ್ಲ. ಪಟ್ಟು ಯಾವತ್ತೂ ಬೆಳೆಯುವ ಕಡೆಗೆ. ಎರಡು ಪಟ್ಟು ಜಾಸ್ತಿ, ಮೂರು ಪಟ್ಟು ದೊಡ್ಡದು. ಚಿಕ್ಕದಕ್ಕೆ ನಮ್ಮಲ್ಲಿ ಪಾಲು ಇದೆ: 'ಕೂದಲಿನ ದಪ್ಪದ ಏಳುನೂರರಲ್ಲಿ ಒಂದು ಪಾಲು'. ಉದ್ದವಾಯಿತು ಅನಿಸಿದರೆ ದೊಡ್ಡದರ ಕಡೆಯಿಂದ ಹೇಳಿ. 'ಕೂದಲಿನ ದಪ್ಪ ವೈರಸ್ಸಿನ 700 ಪಟ್ಟು.' ಮುಗಿಯಿತು. ಆ 'ಆರ್ಡರ್' ಅನ್ನೋದನ್ನು ಅನುವಾದ ಮಾಡಲೇಬೇಡಿ.

ಅಚ್ಚಗನ್ನಡ:
ಪಾಲು ಒಪ್ಪಿದೆ. ಆದರೆ ನಮ್ಮ ಹಳಬರಿಗೆ ಸಣ್ಣ ಅಳತೆ ಗೊತ್ತೇ ಇರಲಿಲ್ಲವೇ? ವೀಸ ಅಂದರೆ ಹದಿನಾರರಲ್ಲಿ ಒಂದು, ಕಾಣಿ ಅಂದರೆ ಅರವತ್ನಾಲ್ಕರಲ್ಲಿ ಒಂದು. ಅವನ್ನೇ ಬೆಳೆಸಬಹುದಿತ್ತು. ಅದು ಬಿಟ್ಟು ಮೈಕ್ರೋ (10⁻⁶), ನ್ಯಾನೋ (10⁻⁹) ಅಂತ ಗ್ರೀಕರ ಬಾಗಿಲಿಗೆ ಹೋದೆವು.

ಹಳೇ ಮೇಷ್ಟ್ರು:
ವೀಸ, ಕಾಣಿ ನಡೆಯುವುದು ನಾಲ್ಕರ ಲೆಕ್ಕದಲ್ಲಿ. ಇಲ್ಲಿರುವುದು ಹತ್ತರ ಲೆಕ್ಕ. ಕೂಡುವುದಿಲ್ಲ.

ತದ್ಭವಪ್ರಿಯ:
ಗ್ರೀಕರ ಮೇಲೆ ಯಾಕೆ ಸಿಟ್ಟು? ನ್ಯಾನೋ ಅಂದರೆ ಅವರಲ್ಲಿ ಕುಳ್ಳ. ಅದಕ್ಕಿಂತ ಕೆಳಗಿನ ಫೆಮ್ಟೋ ಗ್ರೀಕೂ ಅಲ್ಲ, ಡೇನಿಷ್ ಭಾಷೆಯ 'ಹದಿನೈದು'. 10⁻¹⁵ ಅಲ್ವಾ, ಅದಕ್ಕೆ. ಅಟ್ಟೋ ಅಂದರೆ ಅದೇ ಭಾಷೆಯ ಹದಿನೆಂಟು. ಅವರು ಸುಮ್ನೆ ತಮ್ಮ ಎಣಿಕೆಯ ಪದ ಎತ್ತಿ ಇಟ್ಟರು, ಲೋಕ ಒಪ್ಪಿತು. ಪರಮಾಣುವಿನ ಬೀಜ ಅಳೆಯುವಾಗ ಎಲ್ಲ ದೇಶದವರೂ ಡೇನಿಷ್ ಮಾತಾಡುತ್ತಾರೆ. ಇನ್ನು ನಿಮ್ಮ ಅಚ್ಚಗನ್ನಡದ 'ಸಾವಿರ' ಸಹಸ್ರದ ಮಗ. 'ಸೊನ್ನೆ' ಶೂನ್ಯದ ಮಗಳು. ಅವಿಲ್ಲದೆ ಹತ್ತರ ಲೆಕ್ಕ ಬರೆದು ತೋರಿಸಿ.

ಅಚ್ಚಗನ್ನಡ:
ಮೈಗೂಡಿದ ಪದ ಬೇರೆ, ಮೇಲೆ ಹೇರಿದ ಪದ ಬೇರೆ. ಇದನ್ನು ಎಷ್ಟು ಸಲ ಹೇಳಬೇಕೋ.

ಫಲಕದವಳು:
ಜಗಳ ಆಮೇಲೆ ಮುಂದುವರಿಸಿ, ದಯವಿಟ್ಟು. ಈಗ ಬೇರೆಯೇ ಪೇಚು. ಪಕ್ಕದ ಮನೆಯ ಹುಡುಗಿಗೆ ಕರಡು ತೋರಿಸಿದೆ. ಏಳನೇ ಕ್ಲಾಸು. ಮೂರು ಸಾಲಿನ ಮೇಲೂ ಬೆರಳು ಎಳೆದಳು, ಆ ಪುಟ್ಟ ಅಂಕಿಗಳ ಹತ್ತಿರ ನಿಲ್ಲಿಸಿದಳು. "ಐದು, ಆರು, ಏಳು. ವೈರಸ್ಸೇ ದೊಡ್ಡದು, ಅಲ್ವಾ ಆಂಟಿ?" ಮೈನಸ್ ಗೆರೆ ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಹಳೇ ಮೇಷ್ಟ್ರು:
ನಲವತ್ತು ವರ್ಷ ಇದೇ ತಪ್ಪು ತಿದ್ದಿದ್ದೇನಮ್ಮ. ಪದ ಬದಲಿಸಿದರೆ ಹೋಗುವುದಿಲ್ಲ. ಮೂರಕ್ಕೂ ಒಂದೇ ಘಾತ ಕೊಡಿ. ಕೂದಲು 700×10⁻⁷, ರಕ್ತಕಣ 70×10⁻⁷, ವೈರಸ್ 1×10⁻⁷. ಕಣ್ಣೇ ಹೋಲಿಸುತ್ತದೆ. ಮುಂದಿನ ಅಂಕಿ 1ರಿಂದ 10ರ ಒಳಗಿರಬೇಕು ಅನ್ನುವ ನಿಯಮ ಮುರಿಯುತ್ತದೆ, ನಿಜ. ಶುದ್ಧ ರೂಪವನ್ನು ಕೆಳಗೆ ಚಿಕ್ಕ ಅಕ್ಷರದಲ್ಲಿ ಹಾಕಿ. ಹೆಸರಿಗೆ 'ಘಾತರೂಪ' ಸಾಕು.

ಫಲಕದವಳು:
ಇದು ಹಿಡಿಸಿತು ಸರ್. ಹುಡುಗಿಗೂ ಮತ್ತೆ ತೋರಿಸಿದೆ, ಈ ಸಲ ಕೇಳುವ ಮೊದಲೇ ಕೂದಲು ಅಂದಳು. ಕೊನೆಯ ಸಾಲು ಹೀಗೆ ಕಳಿಸುತ್ತಿದ್ದೇನೆ: 'ಕೂದಲಿನ ದಪ್ಪ ರಕ್ತಕಣದ 10 ಪಟ್ಟು. ರಕ್ತಕಣ ವೈರಸ್ಸಿನ 70 ಪಟ್ಟು.' ಫಲಕದ ತಲೆಗೆ 'ಘಾತರೂಪದಲ್ಲಿ ಸಣ್ಣ ಅಳತೆಗಳು'. ಎಲ್ಲರಿಗೂ ಧನ್ಯವಾದ.

ಅಚ್ಚಗನ್ನಡ:
ಘಾತ ಉಳಿಸಿಕೊಂಡಿರಿ, ಆಗಲಿ. 'ಫಲಕ'ವನ್ನಾದರೂ 'ಹಲಗೆ' ಅನ್ನಬಹುದಿತ್ತು.

ತದ್ಭವಪ್ರಿಯ:
ಫಲಕದ ತದ್ಭವವೇ ಹಲಗೆ.