ಸಂಘದ ಸಾಲ: ತಪ್ಪು ಕೊಟ್ಟವರದ್ದಾ, ತಗೊಂಡವರದ್ದಾ?

ಕಂತಿನ_ಸೋಮವಾರ:
2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ (ಹೆಂಗಸರ ಸಂಘ ಕಟ್ಟಿಸಿ ಅಡಮಾನ ಇಲ್ಲದೆ ಸಣ್ಣ ಸಾಲ ಕೊಡುವ ಕಂಪನಿಗಳು) ಕಾಟ ತಡೆಯಲಾಗದೆ ಮುಖ್ಯಮಂತ್ರಿಗೆ ಮಾಂಗಲ್ಯ ಸರ ಕಳಿಸಿದರು. ಚಾಮರಾಜನಗರ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಫೆಬ್ರವರಿ 12ಕ್ಕೆ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸರಿ, ಜೈಲಿಗೆ ಹೋಗುವವನು ಯಾರು? ಸಣ್ಣ ಸಂಬಳಕ್ಕೆ ಬೈಕಿನಲ್ಲಿ ಕಲೆಕ್ಷನ್‌ಗೆ ಓಡಾಡುವ ಹುಡುಗ. ಆಗಲೇ ಮೂರು ಸಾಲ ಇರುವ ಹೆಂಗಸಿಗೆ ನಾಲ್ಕನೆಯದನ್ನು ಮಂಜೂರು ಮಾಡಿದವರು ಯಾರಿಗೂ ಉತ್ತರ ಕೊಡಬೇಕಿಲ್ವಾ?

ಲೆಕ್ಕ_ಪಕ್ಕಾ:
ನಾಲ್ಕನೆಯ ಸಾಲ ಕೇಳಿದ್ದು ಯಾರು ಸ್ವಾಮಿ? ಯಾರೂ ಮನೆ ಬಾಗಿಲಿಗೆ ಬಂದು ಜೇಬಿಗೆ ದುಡ್ಡು ತುರುಕಿಲ್ಲ. ಬ್ಯಾಂಕಿನವರು ಇವರನ್ನು ಒಳಗೇ ಬಿಡುವುದಿಲ್ಲ. ಅಡ ಇಡಲು ಚಿನ್ನ ಇಲ್ಲ, ಪಹಣಿ ಗಂಡನ ಹೆಸರಲ್ಲಿ ಇರುತ್ತದೆ. ಅಂಥವರಿಗೆ ಅಡಮಾನ ಇಲ್ಲದೆ ಸಾಲ ಕೊಡುವವರು ಈ ಮೈಕ್ರೋಫೈನಾನ್ಸ್‌ನವರು. ವರ್ಷಕ್ಕೆ 13 ಪರ್ಸೆಂಟ್ ಬೀಳುತ್ತದೆ ಅಷ್ಟೆ. ಊರಿನ ಮೀಟರ್ ಬಡ್ಡಿಯವನು ತಿಂಗಳಿಗೆ 5 ತಗೊಳ್ಳುತ್ತಾನೆ, ವರ್ಷಕ್ಕೆ 60. ಅವನ ಮೇಲೆ ಯಾಕೆ ಯಾರೂ ಬರೆಯುವುದಿಲ್ಲ?

ಗೂಡಿನ_ಮಾರ್ಕೆಟ್:
"ಮನೆ ಬಾಗಿಲಿಗೆ ಬಂದು" ಕೊಟ್ಟಿಲ್ಲ ಅಂದ್ರಾ? ನಮ್ಮ ಬೀದಿಗೆ ಬಂದು ನೋಡಿ. ಸೋಮವಾರ ಒಂದು ಸಂಘ, ಬುಧವಾರ ಇನ್ನೊಂದು, ಶುಕ್ರವಾರ ಮತ್ತೊಂದು. ಒಂದು ಸಾಲ ಅರ್ಧ ತೀರಿದ ಕೂಡಲೇ "ಅಕ್ಕಾ, ಟಾಪ್ ಅಪ್ ಮಾಡಿಕೊಡ್ತೀವಿ, ಆಧಾರ್ ತನ್ನಿ" ಅಂತ ಅವರೇ ಫೋನ್ ಮಾಡುತ್ತಾರೆ. ಕೇಳದೇ ಇದ್ದವರಿಗೂ ಕೊಟ್ಟಿದ್ದಾರೆ.

ಸರಳ_ಬಡ್ಡಿ:
ಲೆಕ್ಕ_ಪಕ್ಕಾ ಅವರೇ, 13 ಪರ್ಸೆಂಟ್ ಎಲ್ಲಿಂದ ತಂದಿರಿ? 50,000 ಸಾಲ, 24 ತಿಂಗಳು, ಕಂತು ಸುಮಾರು 2,643. ಇದು ನಮ್ಮ ಕಡೆ ನಡೆಯುವ ಮಾಮೂಲಿ ಲೆಕ್ಕ. ಇದರ ಬಡ್ಡಿ 24 ಪರ್ಸೆಂಟ್.

ಲೆಕ್ಕ_ಪಕ್ಕಾ:
ನಿಮ್ಮ ಲೆಕ್ಕವನ್ನೇ ತಗೊಳ್ಳೋಣ. ಎರಡು ವರ್ಷಕ್ಕೆ ಒಟ್ಟು ಕಟ್ಟುವುದು ಸುಮಾರು 63,450. ಬಡ್ಡಿ 13,450. ವರ್ಷಕ್ಕೆ 6,725. ಐವತ್ತು ಸಾವಿರಕ್ಕೆ ಅದು 13.4 ಪರ್ಸೆಂಟ್. ಐದನೇ ಕ್ಲಾಸಿನ ಗಣಿತ.

ಸರಳ_ಬಡ್ಡಿ:
ಐದನೇ ಕ್ಲಾಸಿಗೇ ನಿಂತರೆ ಹೀಗೆ ಆಗುತ್ತದೆ. ಐವತ್ತು ಸಾವಿರ ಎರಡು ವರ್ಷ ಪೂರ್ತಿ ಆಕೆಯ ಕೈಯಲ್ಲಿ ಎಲ್ಲಿ ಇರುತ್ತದೆ? ಮೊದಲನೇ ತಿಂಗಳಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ವರ್ಷ ಮುಗಿಯುವಾಗ ಅವಳ ಬಳಿ ಉಳಿದಿರುವುದು ಹೆಚ್ಚುಕಡಿಮೆ 28,000. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ 24. ಬ್ಯಾಂಕಿನವರು ನಿಮ್ಮ ಮನೆ ಸಾಲಕ್ಕೆ 8.5 ಅನ್ನುವುದೂ ಇದೇ ಲೆಕ್ಕದಲ್ಲಿ. ನಿಮಗೊಂದು ಅಳತೆ, ಬಡವರಿಗೊಂದು ಅಳತೆನಾ?

ಲೆಕ್ಕ_ಪಕ್ಕಾ:
ಮನೆ ಸಾಲಕ್ಕೆ ಮನೆಯೇ ಅಡ ಇರುತ್ತದೆ. ಇಲ್ಲಿ ಏನೂ ಇಲ್ಲ. ಹುಡುಗ ಪ್ರತಿ ವಾರ ಹಳ್ಳಿಗೆ ಹೋಗಬೇಕು, ಪೆಟ್ರೋಲು, ಸಂಬಳ. ಕಂಪನಿಯೇ ಬ್ಯಾಂಕಿನಿಂದ ಸಾಲ ತಂದು ಕೊಡುವುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸಂಘದ_ಅಕ್ಕ:
ನಾನು ನಮ್ಮ ಸೆಂಟರ್ ಲೀಡರ್ (ಸಾಲ ತಗೊಂಡ ಹೆಂಗಸರ ಗುಂಪಿನ ಮುಖ್ಯಸ್ಥೆ) ಆಗಿದ್ದವಳು. 50,000 ಅಂತ ಸಹಿ ಹಾಕಿಸಿಕೊಂಡರು. ಪ್ರೋಸೆಸಿಂಗ್ ಫೀಸು, ಗಂಡ ಹೆಂಡತಿ ಇಬ್ಬರ ವಿಮೆ ಅಂತ ಹಿಡಿದುಕೊಂಡು ಕೈಗೆ ಬಂದಿದ್ದು 48,200. ಕಂತು ಮಾತ್ರ ಪೂರ್ತಿ ಐವತ್ತಕ್ಕೆ. ಇದನ್ನು ನಿಮ್ಮ ಲೆಕ್ಕದಲ್ಲಿ ಯಾರಾದರೂ ಸೇರಿಸಿದ್ರಾ?

ಸರಳ_ಬಡ್ಡಿ:
ಅಕ್ಕ, ಸೇರಿಸಿದರೆ 28ರ ಹತ್ತಿರ ಹೋಗುತ್ತದೆ. ಫೀಸು, ವಿಮೆ ಎಲ್ಲ ಸೇರಿಸಿದ ಬಡ್ಡಿಯನ್ನು ಸಾಲಗಾರರಿಗೆ ಒಂದು ಹಾಳೆಯಲ್ಲಿ ಬರೆದು ಕೊಡಬೇಕು ಅಂತ ಆರ್‌ಬಿಐ 2022ರ ನಿಯಮದಲ್ಲೇ ಇದೆ. ನಿಮಗೆ ಕೊಟ್ಟಿದ್ರಾ?

ಲೆಕ್ಕ_ಪಕ್ಕಾ:
ಮೊದಲು 24 ಅಂದಿರಿ, ಈಗ 28. ಸಂಜೆ ಹೊತ್ತಿಗೆ 40 ಮಾಡುತ್ತೀರಿ. ವಿಮೆ ಬಡ್ಡಿ ಅಲ್ಲ. ಗಂಡ ಸತ್ತರೆ ಸಾಲ ತೀರುತ್ತದೆ, ಅದು ಆಕೆಗೇ ಲಾಭ.

ಗೂಡಿನ_ಮಾರ್ಕೆಟ್:
"ಆಕೆಗೇ ಲಾಭ" ಅನ್ನುವ ಮಾತನ್ನು ವಿಧವೆಯ ಮುಂದೆ ಹೋಗಿ ಹೇಳಿ ನೋಡೋಣ. ನಾಚಿಕೆ ಆಗಬೇಕು.

ಲೆಕ್ಕ_ಪಕ್ಕಾ:
ಬೈದರೆ ಅಂಕಿ ಬದಲಾಗುವುದಿಲ್ಲ.

ಹಳೇ_ಫೀಲ್ಡ್_ಹುಡುಗ:
ನೀವು ಪರ್ಸೆಂಟಿನಲ್ಲೇ ಕೂತಿದ್ದೀರಿ. ನಾನು ಆ ಬೈಕಿನಲ್ಲಿ ಓಡಾಡಿದವನು, ಮೇಲೆ ಹೇಳಿದ "ಸಣ್ಣ ಸಂಬಳದ ಹುಡುಗ" ನಾನೇ. ಒಬ್ಬಳ ಸಾಲಕ್ಕೆ ಇಡೀ ಗುಂಪೇ ಜಾಮೀನು. ಒಬ್ಬಳು ಕಟ್ಟದಿದ್ದರೆ ಉಳಿದವರನ್ನು ಮೀಟಿಂಗಿನಿಂದ ಏಳಲು ಬಿಡಬೇಡ ಅಂತ ಮೇಲಿನಿಂದ ಫೋನ್ ಬರುತ್ತಿತ್ತು. ಬಾಯಿಮಾತಿನಲ್ಲಿ ಮಾತ್ರ, ಬರವಣಿಗೆಯಲ್ಲಿ ಏನೂ ಇರುತ್ತಿರಲಿಲ್ಲ. ಕಲೆಕ್ಷನ್ ಕಮ್ಮಿಯಾದರೆ ನನ್ನ ಇನ್ಸೆಂಟಿವ್ ಕಟ್. ಸಂಜೆ 6ರ ಮೇಲೆ, ಬೆಳಿಗ್ಗೆ 9ಕ್ಕೆ ಮುಂಚೆ ವಸೂಲಿಗೆ ಹೋಗಬಾರದು ಅಂತ ನಿಯಮ ಇದೆ. ಆದರೆ ಕೂಲಿಗೆ ಹೋದ ಹೆಂಗಸು ಹಗಲಲ್ಲಿ ಎಲ್ಲಿ ಸಿಗುತ್ತಾಳೆ? ರಾತ್ರಿ ಎಂಟಕ್ಕೆ ಹೋಗಿ ನಿಲ್ಲುತ್ತಿದ್ದೆವು. ಎಲ್ಲರಿಗೂ ಗೊತ್ತಿತ್ತು.

ಲೆಕ್ಕ_ಪಕ್ಕಾ:
"ಎಲ್ಲರಿಗೂ ಗೊತ್ತಿತ್ತು" ಅಂದರೆ ನಿಮಗೂ ಗೊತ್ತಿತ್ತು. ಕೆಲಸ ಬಿಡಬಹುದಿತ್ತಲ್ವಾ?

ಹಳೇ_ಫೀಲ್ಡ್_ಹುಡುಗ:
ಬಿಟ್ಟಿದ್ದಕ್ಕೇ "ಹಳೇ" ಅಂತ ಹೆಸರಿಟ್ಟುಕೊಂಡಿರುವುದು. ನಿಮ್ಮ ಮನೆಯಲ್ಲಿ ಅಕ್ಕಿ ಇತ್ತು, ನಮ್ಮಲ್ಲಿ ಇರಲಿಲ್ಲ, ಅದಕ್ಕೇ ಸೇರಿದ್ದು. ಇನ್ನೊಂದು ಸಲ ನನ್ನ ವಿಷಯಕ್ಕೆ ಬರಬೇಡಿ.

ಕೋಲಾರ_ಕಂಡವನು:
ಭಾವನೆ ಆಮೇಲೆ. ಕಟ್ಟಬೇಡಿ ಅಂತ ಹೇಳಿಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೋಲಾರ ಸಾಕು. 2009ರಲ್ಲಿ ಅಂಜುಮನ್ ಸಮಿತಿ (ಅಲ್ಲಿನ ಮುಸ್ಲಿಮರ ಸಮುದಾಯ ಸಂಸ್ಥೆ) ಸಾಲ ಕಟ್ಟಬೇಡಿ ಅಂದಿತು. ರೇಷ್ಮೆ ಕೆಲಸದ ಹೆಣ್ಣುಮಕ್ಕಳು ನಿಲ್ಲಿಸಿದರು. ಕಂಪನಿಗಳು ಹೊಸ ಸಾಲ ಬಂದ್ ಮಾಡಿದವು. ಆಮೇಲೆ ಅವರಲ್ಲಿ ಹಲವರು ಮತ್ತೆ ಮೀಟರ್ ಬಡ್ಡಿಗೇ ಹೋದರು. ಮರುವರ್ಷ ಆಂಧ್ರದಲ್ಲೂ ಅದೇ. 2010ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, ವಸೂಲಿ ಕುಸಿದು ಬಿತ್ತು. ನಷ್ಟ ಯಾರಿಗೆ? ಮುಂದೆ ಸಾಲ ಬೇಕಿದ್ದ ಬಡವರಿಗೇ.

ಗೂಡಿನ_ಮಾರ್ಕೆಟ್:
ರೇಷ್ಮೆಯ ಮಾತು ಬಂತಲ್ಲ, ಅಲ್ಲೇ ನಿಲ್ಲಿ. ಆಗ ರೇಷ್ಮೆ ಕೆಲಸ ಕುಸಿದಿತ್ತು. ಒಂದೇ ಬೀದಿಯಲ್ಲಿ ಹಲವು ಕಂಪನಿಗಳು ಪೈಪೋಟಿ ಮೇಲೆ ಸಾಲ ಸುರಿದಿದ್ದವು. ಅದನ್ನು ಬಿಟ್ಟು ಅಂಜುಮನ್ ಒಂದನ್ನೇ ಹಿಡಿದಿರುವುದು ಯಾಕೆ ಅಂತ ಎಲ್ಲರಿಗೂ ಅರ್ಥವಾಗುತ್ತದೆ.

ಕೋಲಾರ_ಕಂಡವನು:
ಏನು ಅರ್ಥವಾಗುತ್ತದೆ? ನೇರವಾಗಿ ಹೇಳಿ. ನಡೆದಿದ್ದನ್ನು ಹೇಳಿದರೆ ಅದಕ್ಕೂ ಬಣ್ಣ ಬಳಿಯುತ್ತೀರಿ.

ಕಂತಿನ_ಸೋಮವಾರ:
ಆಂಧ್ರದ ಅರ್ಧ ಕತೆ ಹೇಳಿದಿರಿ. ಸುಗ್ರೀವಾಜ್ಞೆಗೆ ಎರಡು ತಿಂಗಳ ಮುಂಚೆ, 2010ರ ಆಗಸ್ಟಿನಲ್ಲಿ ಎಸ್‌ಕೆಎಸ್ ಅನ್ನುವ ಮೈಕ್ರೋಫೈನಾನ್ಸ್ ಕಂಪನಿ ಷೇರು ಪೇಟೆಗೆ ಹೋಗಿತ್ತು. ಹಳ್ಳಿಯಲ್ಲಿ ಸಾಲಗಾರರ ಆತ್ಮಹತ್ಯೆ, ಪೇಟೆಯಲ್ಲಿ ಷೇರು. ಆಮೇಲೆ ಆರ್‌ಬಿಐ ನೇಮಿಸಿದ ಮಾಲೇಗಾಂ ಸಮಿತಿ ವರದಿ ಬಂತು. ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಮೈಕ್ರೋಫೈನಾನ್ಸ್ ಎನ್‌ಬಿಎಫ್‌ಸಿಗಳು (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳು) ಸಾಲ ಕೊಡಬಾರದು ಅಂತ ಮಿತಿ ಹಾಕಿದರು. ಕಂಪನಿ ದುಡ್ಡು ತರುವ ಖರ್ಚಿಗೂ ಸಾಲಕ್ಕೆ ಹಾಕುವ ಬಡ್ಡಿಗೂ ನಡುವಿನ ಅಂತರಕ್ಕೂ ಮಿತಿ ಇತ್ತು. 2022ರ ಏಪ್ರಿಲ್‌ನಿಂದ ಎರಡೂ ಹೋದವು. ಬಡ್ಡಿ ಎಷ್ಟು ಅಂತ ಕಂಪನಿಯ ಬೋರ್ಡೇ ನಿರ್ಧರಿಸಬಹುದು. ಉಳಿದ ಕಾವಲು ಅಂದರೆ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಎಲ್ಲ ಸಾಲಗಳ ಕಂತಿಗೆ ಹೋಗಬಾರದು ಅನ್ನುವುದು. ಆ ಆದಾಯವನ್ನು ಅಳೆಯುವವರು ಯಾರು? ಸಾಲ ಕೊಡುವವರೇ.

ಸಂಘದ_ಅಕ್ಕ:
ನಮ್ಮ ಸೆಂಟರಿನಲ್ಲಿ ಎಲ್ಲರಿಗೂ ಒಂದೇ ಆದಾಯ ಬರೆದಿದ್ದರು. ಹೂ ಮಾರುವವಳಿಗೂ ಅದೇ, ಅಂಗಡಿ ಇಟ್ಟವಳಿಗೂ ಅದೇ. ನಮ್ಮನ್ನು ಕೇಳಲೂ ಇಲ್ಲ.

ಲೆಕ್ಕ_ಪಕ್ಕಾ:
"ಸಾಲ ಕೊಡುವವರೇ" ಅಳೆಯದೆ ಇನ್ಯಾರು ಅಳೆಯಬೇಕು, ತಹಶೀಲ್ದಾರರಾ? ತಪ್ಪು ಮಾಡಿದವರನ್ನು ಆರ್‌ಬಿಐ ಸುಮ್ನೆ ಬಿಟ್ಟಿಲ್ಲ. 2024ರ ಅಕ್ಟೋಬರಿನಲ್ಲಿ ಆಶೀರ್ವಾದ್, ಆರೋಹಣ್ ಸೇರಿ ನಾಲ್ಕು ಕಂಪನಿಗಳಿಗೆ ಹೊಸ ಸಾಲ ಕೊಡಬೇಡಿ ಅಂತ ತಡೆ ಹಾಕಿತು. ಬಡ್ಡಿ ಜಾಸ್ತಿ, ಆದಾಯ ಸರಿಯಾಗಿ ಅಳೆದಿಲ್ಲ ಅನ್ನುವುದೇ ಕಾರಣ. ಹೊಣೆಗಾರಿಕೆ ಅಂದರೆ ಇದೇ.

ಸರಳ_ಬಡ್ಡಿ:
ಬಡ್ಡಿ ಜಾಸ್ತಿ ಅಂತ ಆರ್‌ಬಿಐಯೇ ಹೇಳಿತು ಅಂತ ನೀವೇ ಬರೆದಿದ್ದೀರಿ. ಹಾಗಾದರೆ 13 ಪರ್ಸೆಂಟ್ ಎಲ್ಲಿ ಹೋಯಿತು?

ಲೆಕ್ಕ_ಪಕ್ಕಾ:
ನಾಲ್ಕು ಕಂಪನಿಗಳದ್ದು ಎಲ್ಲರದ್ದಲ್ಲ. 13.4 ಅಂದಿದ್ದೆ, ಈಗಲೂ ಅದೇ.

ಕಂತಿನ_ಸೋಮವಾರ:
ಆ ತಡೆಯನ್ನು ಮೂರು ತಿಂಗಳೊಳಗೆ ತೆಗೆದರು. ಅದನ್ನು ಯಾಕೆ ಬರೆಯಲಿಲ್ಲ?

ಕೋಲಾರ_ಕಂಡವನು:
ತಿದ್ದಿಕೊಂಡರು, ತೆಗೆದರು. ನಮ್ಮ ಸುಗ್ರೀವಾಜ್ಞೆಯನ್ನು ರಾಜ್ಯಪಾಲರೇ ಒಮ್ಮೆ ವಾಪಸ್ ಕಳಿಸಿದ್ದರು. ಸಾಲವೇ ಜಾಸ್ತಿ ಅಂದರೆ 3 ಲಕ್ಷ ಇರುವಾಗ 5 ಲಕ್ಷ ದಂಡ ಯಾವ ನ್ಯಾಯ ಅಂತ ಕೇಳಿದ್ದರು. ಅದನ್ನೂ ಬರೆಯಿರಿ.

ಹಳೇ_ಫೀಲ್ಡ್_ಹುಡುಗ:
ದಂಡದ ಮೊತ್ತ ಬಿಡಿ ಸಾರ್. ವಸೂಲಿಯನ್ನು ಏಜೆನ್ಸಿಗೆ ಕೊಟ್ಟರೂ ಅವರ ನಡತೆಗೆ ಕಂಪನಿಯೇ ಹೊಣೆ ಅಂತ ಆರ್‌ಬಿಐ ನಿಯಮದಲ್ಲಿ ಇದೆ. ಸಾಲಗಾರರ ಹೆಸರು ಬಹಿರಂಗ ಮಾಡಬಾರದು, ನೆಂಟರನ್ನು, ಸ್ನೇಹಿತರನ್ನು ಕಾಡಬಾರದು ಅಂತಲೂ ಇದೆ. ಹಾಗಿದ್ದೂ ಮೀಟಿಂಗಿನಲ್ಲಿ ಹತ್ತು ಹೆಂಗಸರ ಮುಂದೆ ಒಬ್ಬಳ ಹೆಸರು ಕೂಗಿ ನಿಲ್ಲಿಸುವುದು ದಿನವೂ ನಡೆಯುತ್ತಿತ್ತು. ನನಗೆ ಫೋನ್ ಮಾಡಿ ಅದನ್ನು ಮಾಡಿಸಿದವರ ಮೇಲೆ ಕೇಸು ಯಾವ ಸೆಕ್ಷನ್‌ನಲ್ಲಿ ಹಾಕುತ್ತಾರೆ? ಇದಕ್ಕೆ ಯಾರಾದರೂ ಉತ್ತರ ಕೊಡಿ.

ಲೆಕ್ಕ_ಪಕ್ಕಾ:
"ದಿನವೂ ನಡೆಯುತ್ತಿತ್ತು" ಅನ್ನುವುದಕ್ಕೆ ದಾಖಲೆ ಇದೆಯಾ? ನೀವೇ ಹೇಳಿದಿರಿ, ಬರವಣಿಗೆಯಲ್ಲಿ ಏನೂ ಇರುತ್ತಿರಲಿಲ್ಲ ಅಂತ.

ಸಂಘದ_ಅಕ್ಕ:
ದಾಖಲೆ ಬೇಕಾ? ನನ್ನನ್ನೇ ಹಾಗೆ ನಿಲ್ಲಿಸಿದ್ದರು. ಪಕ್ಕದ ಮನೆಯವಳ ಕಂತಿಗೆ ನಾನು ನನ್ನ ಓಲೆ ಅಡ ಇಟ್ಟು ಕಟ್ಟಿದ್ದೇನೆ, ಆ ರಸೀದಿ ಈಗಲೂ ಇದೆ. ಬನ್ನಿ, ತೋರಿಸುತ್ತೇನೆ.