ಬ್ಲಡ್ ಗ್ರೂಪ್ ಬ್ಯಾರೆ ಅದ ಅಂದ್ರ ಸಂಬಂಧ ಬ್ಯಾರೆ ಆಗ್ತದೇನು?

ಗುಂಪು: ಲ್ಯಾಬ್ ಬ್ಯಾಚ್, ಕಲಬುರಗಿ

ಶರಣು: (ಹಲವು ಬಾರಿ ಫಾರ್ವರ್ಡ್ ಆಗಿದೆ) *ಗಂಡ ಹೆಂಡತಿಯ ರಕ್ತದ ಗುಂಪು ಒಂದೇ ಆಗಿದ್ದರೆ ಮಕ್ಕಳು ಅಂಗವಿಕಲರಾಗುತ್ತಾರೆ. ಗುಂಪು ಬೇರೆ ಇದ್ದರೆ ಅಕ್ಕನ ಮಗಳನ್ನು ಮದುವೆಯಾದರೂ ಯಾವ ತೊಂದರೆಯೂ ಇಲ್ಲ. ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಎಲ್ಲರಿಗೂ ಕಳಿಸಿ* 🙏

ಮಹಾನಂದಾ: ಶರಣು, ಮೊದಲ ಇದನ್ನ ತಗಿ. ಎರಡೂ ಮಾತು ಸುಳ್ಳ. ತೊಗರಿ ರಾಶಿ ಮುಗ್ದು ಲಗ್ನದ ಮಾತು ಶುರು ಆದ್ವು ಅಂದ್ರ ಇದೂ ತಿರಗಲಾಕ ಹತ್ತತದ.

ಶರಣು: ಪೂರಾ ಸುಳ್ಳ ಹೆಂಗ್ರಿ ಮೇಡಂ? ಬಸುರಿ ಹೆಂಗಸ್ರಿಗೆ ಆರ್‌ಎಚ್, ಅಂದ್ರ ರಕ್ತದ ಪಾಸಿಟಿವ್-ನೆಗೆಟಿವ್, ನೋಡಲ್ಲೇನು?

ಮಹಾನಂದಾ: ನೋಡ್ತೀವಿ. ಅದು ತಾಯಿ ನೆಗೆಟಿವ್, ಹೊಟ್ಯಾಗಿನ ಕೂಸು ಪಾಸಿಟಿವ್ ಇದ್ದಾಗಿನ ಮಾತು. ತಾಯಿ ಮೈಯಾಗ ಆಂಟಿಬಾಡಿ ತಯಾರಾಗಿ ಮುಂದಿನ ಕೂಸಿನ ರಕ್ತ ಒಡೀತದ. ಆ ಆಂಟಿಬಾಡಿ ಹುಡುಕೋ ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್ ನೆಗೆಟಿವ್ ಇದ್ರ 28ನೇ ವಾರಕ್ಕ ಅದು ತಯಾರಾಗದಂಗ ತಡಿಯೋ ಆಂಟಿ-ಡಿ ಇಂಜೆಕ್ಷನ್ 300 ಮೈಕ್ರೋಗ್ರಾಂ, ಕೂಸು ಪಾಸಿಟಿವ್ ಹುಟ್ಟಿದ್ರ 72 ತಾಸಿನೊಳಗ ಮತ್ತೊಂದು. ಇಲ್ಲಿ ತ್ರಾಸ ಕೊಡೋದು ಗುಂಪು ಬ್ಯಾರೆ ಇರೋದು. ನಿನ್ನ ಫಾರ್ವರ್ಡ್ ಉಲ್ಟಾ ಹೇಳ್ತದಲ್ಲೋ!

ರಫೀಕ್: ಒಂದು ಮನಿ ಲೆಕ್ಕ ತೊಗೋ. ಅಪ್ಪ ಎ, ಅವ್ವ ಬಿ, ಇಬ್ಬರ ಹಂತ್ಯಾಕೂ ಒಂದೊಂದು ಓ ಜೀನ್ ಅದ. ಮಗಳು ಎಬಿ ಹುಟ್ಟಬಹುದು, ಮಗ ಓ ಹುಟ್ಟಬಹುದು. ಆ ಮಗಳಿಗೊಂದು ಹೆಣ್ಣು ಕೂಸಾತು. ಎಬಿ ತಾಯಿ ಎ ಇಲ್ಲಾ ಬಿ ಕೊಡಲೇಬೇಕು, ಅದಕ್ಕ ಭಾಳ ಅಪರೂಪದ ಕೇಸ್ ಬಿಟ್ರ ಆ ಹುಡುಗಿ ಓ ಆಗಂಗೇ ಇಲ್ಲ. ಸ್ವಾದರಮಾವ ಓ, ಅಕ್ಕನ ಮಗಳು ಎ. ಫಾರ್ವರ್ಡ್ ಪ್ರಕಾರ ಪಾಸ್! ಆದ್ರ ಇಬ್ಬರ ಜೀನಿನ್ಯಾಗ ಸರಾಸರಿ ನಾಕಾಣೆ ಪಾಲು ಒಂದೇ. ಎಬಿಓ ಜೀನ್ ಕುಂತಿರೋದು 9ನೇ ಕ್ರೋಮೋಸೋಮಿನ್ಯಾಗ, ಬೀಟಾ ಥಲಸ್ಸೀಮಿಯಾ, ಸಿಕಲ್ ಸೆಲ್ ಅನ್ನೋ ವಂಶದಾಗ ಬರೋ ರಕ್ತದ ರೋಗದ್ದು 11ರಾಗ. ಇದನ್ನ ನೋಡಿ ಅದರ ಸುದ್ದಿ ಹೆಂಗ ಹೇಳ್ತಿ?

ಬಸವರಾಜ: ಹಂಗಾದ್ರ ಎಲ್ಲಾ ಗುಂಪಿಗೂ ಹಿಂಗ ಹಾಕ್ಲೇನು: "ಸಂಬಂಧದಾಗ ಲಗ್ನ ಆದ್ರ ಮಕ್ಕಳು ಅಂಗವಿಕಲ ಹುಟ್ಟೋದು ಗ್ಯಾರಂಟಿ"?

ರಫೀಕ್: ಬ್ಯಾಡೋ ಮಾರಾಯ, ಅದೂ ಸುಳ್ಳೇ. ಯಾವ ಲಗ್ನ ಆದ್ರೂ 100ರಾಗ 2-3 ಕೂಸಿಗೆ ಹುಟ್ಟಾ ದೋಷ ಇರ್ತದ. ಅತ್ತಿ ಮಗ, ಮಾವನ ಮಗಳು ಆದ್ರ ಅದರ ಮ್ಯಾಲ ಸುಮಾರು ಇನ್ನೊಂದು 2-3 ಕೂಡತದ. ಸ್ವಾದರಮಾವ ಅಂದ್ರ ಇನ್ನೂ ಹತ್ತರದ ಸಂಬಂಧ, ಒಂದೇ ಹಿರಿಯರ ಜೀನ್ ಕೂಸಿಗೆ ಅಪ್ಪ ಅವ್ವ ಇಬ್ಬರ ಕಡಿಂದಾನೂ ಬರೋ ಲೆಕ್ಕ 1/16 ಹೋಗಿ 1/8. ಓಣ್ಯಾಗ ಹಂಗ ಲಗ್ನ ಆದವರ ಮಕ್ಕಳು ಗಟ್ಟಿಮುಟ್ಟಾಗಿ ಓಡಾಡೋದು ಮಂದಿ ದಿನಾ ನೋಡ್ತಾರ. ನೀ ಗ್ಯಾರಂಟಿ ಅಂದ್ರ ನಿನ್ನೂ ನಂಬಲ್ಲ, ನಾಳಿಗೆ ಟೆಸ್ಟ್ ಮಾಡಸ್ರಿ ಅಂದ್ರ ಅದನ್ನೂ ಕೇಳಲ್ಲ.

ಶರಣು: ಮಾಡ್ಸೋದರ ಯಾವುದು? ಉಗುಳಿನ ಡಿಎನ್‌ಎ ಟೆಸ್ಟ್ ಅಂತ ಜಾಹೀರಾತು ಬರ್ಲಾಕತ್ತಾವ.

ಮಹಾನಂದಾ: ಅದಕ್ಕ ರೊಕ್ಕ ಸುರಿಯೋಕಿಂತ ಮೊದಲ ಇಬ್ಬರಿಗೂ ಸಿಬಿಸಿ (ರಕ್ತದ ಕಣಗಳ ಎಣಿಕಿ), ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಯಾವ ಯಾವ ನಮೂನಿದು ಎಷ್ಟದ ಅಂತ ಬಿಡಿಸಿ ತೋರ್ಸೋ ಟೆಸ್ಟ್). ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನ್ಯಾಗ 2 ಎಂಎಲ್ ರಕ್ತ ಸಾಕು. ಎಂಸಿವಿ (ಕೆಂಪು ಕಣದ ಗಾತ್ರ) 80ಕ್ಕ, ಎಂಸಿಎಚ್ (ಒಂದು ಕಣದಾಗಿನ ಹಿಮೋಗ್ಲೋಬಿನ್) 27ಕ್ಕ ಕಮ್ಮಿ ಬಂದು, ಎಚ್‌ಬಿಎ2 ಅನ್ನೋ ಹಿಮೋಗ್ಲೋಬಿನ್ ಶೇಕಡಾ 3.5ರ ಮ್ಯಾಲಿದ್ರ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್, ಅಂದ್ರ ಒಂದು ಕೆಟ್ಟ ಜೀನ್ ಹೊತ್ತವರು. ಎಡವೋದು ಎಲ್ಲಿ ಗೊತ್ತೇನು? ಕಬ್ಬಿಣ ಕಮ್ಮಿ ಇದ್ದವ್ರಿಗೆ ಎ2 ಇಳೀತದ. 3.3 ನೋಡಿ ನಾರ್ಮಲ್ ಅಂತ ಬರದ ಕೈ ತೊಳ್ಕೋತಾರ. ಫೆರಿಟಿನ್ (ಮೈಯಾಗ ಕೂಡಿಟ್ಟ ಕಬ್ಬಿಣದ ಅಳತಿ) ನೋಡಿ, ಕಮ್ಮಿ ಇದ್ರ ಕಬ್ಬಿಣದ ಗುಳಿಗಿ ನುಂಗಿಸಿ, ಮತ್ತ ಮಾಡ್ಬೇಕು. 3 ತಿಂಗಳೊಳಗ ರಕ್ತ ಏರಿಸಿದ್ರ ಎಚ್‌ಪಿಎಲ್‌ಸಿ ಗ್ರಾಫಿನ್ಯಾಗ ದಾನಿ ರಕ್ತಾನೂ ಕೂಡೇ ಬರ್ತದ. ಸಿಕಲ್‌ಗೆ ಬರೇ ಸಾಲ್ಯುಬಿಲಿಟಿ ಅನ್ನೋ ಸರಳ ಟೆಸ್ಟ್ ಮಾಡಿ ಕುಂಡ್ರಬಾರದು, ಪಾಸಿಟಿವ್ ಬಂದ್ರ ಕ್ಯಾರಿಯರ್ರೋ ರೋಗಿಯೋ ಅದು ಹೇಳಂಗಿಲ್ಲ.

ರಫೀಕ್: ಇಬ್ಬರೂ ಒಂದೇ ರೋಗದ ಕ್ಯಾರಿಯರ್ ಇದ್ರ ಪ್ರತಿ ಬಸುರಿಗೂ ಕೂಸಿಗೆ ರೋಗ ಬರೋ ಸಾಧ್ಯತೆ ನಾಕರಾಗ ಒಂದು. ಮೊದಲ ಕೂಸಿಗೆ ರೋಗ ಬಂತು, ಇನ್ನ ಮೂರು ಪಾರು ಅಂತ ತಿಳೀಬ್ಯಾಡ್ರಿ. ಉಗುಳಿನ ಕಿಟ್ ಜೀನ್ ಪೂರಾ ಓದಂಗಿಲ್ಲ, ಆರಿಸಿದ ಜಾಗ ಅಷ್ಟೇ ನೋಡ್ತದ. 2018ರಾಗ ಅಮೆರಿಕಾದ ಒಂದು ಲ್ಯಾಬು ಇಂಥ ಕಿಟ್ಟಿನ ಕಚ್ಚಾ ಡೇಟಾದಾಗ ಬಂದ ಬದಲಾವಣಿ ಮತ್ತ ಪರೀಕ್ಷೆ ಮಾಡಿದ್ರ ಶೇಕಡಾ 40 ಸುಳ್ಳ ಪಾಸಿಟಿವ್. ಸ್ಯಾಂಪಲ್ 49 ಅಷ್ಟೇ, ಅದನ್ನೂ ಹೇಳ್ಬೇಕು.

ಬಸವರಾಜ: ಎಚ್‌ಪಿಎಲ್‌ಸಿ ಛಲೋ ಬಂದ್ರ ಲಗ್ನಕ್ಕ ಅಡ್ಡಿ ಇಲ್ಲಲ್ಲ?

ಮಹಾನಂದಾ: ಅದು ಹಿಮೋಗ್ಲೋಬಿನ್ ಒಂದೇ ನೋಡ್ತದ ಬಸವರಾಜ. ಹುಟ್ಟಾ ಕಿವುಡು, ಮೆಟಬಾಲಿಕ್ ರೋಗ ಅದರಾಗ ಕಾಣಂಗಿಲ್ಲ. ಮೂರು ತಲಿಮಾರಿನ ವಂಶಾವಳಿ ಬರೀರಿ, ಸಣ್ಣದರಾಗೇ ತೀರಿದ ಕೂಸುಗಳನ್ನೂ ಹಿಡಿದು. ಮಂದಿ ಅವನ್ನೇ ಬಿಡ್ತಾರ. ಆ ಹಾಳಿ ಹಿಡಕೊಂಡು ಜೆನೆಟಿಕ್ ಕೌನ್ಸೆಲಿಂಗಿಗೆ ಹೋಗ್ಬೇಕು.

ಶರಣು: ಇಲ್ಲಿ ಡಿಲೀಟ್ ಮಾಡೀನಿ. ಬೀದರ್ ಬೀಗರ ಗುಂಪಿನ್ಯಾಗ ಹಾಕಿ ಮೂರು ದಿನ ಆತು. ಅಲ್ಲಿ ಎಲ್ಲಾರಿಗೂ ಡಿಲೀಟ್ ಅನ್ನೋದೇ ಬರವಲ್ದು.

ರಫೀಕ್: ಅದೇ ಮೆಸೇಜಿಗೆ ರಿಪ್ಲೈ ಕೊಟ್ಟು ಬರಿ. ಓ ಮಾವ, ಎ ಹುಡುಗಿ ಲೆಕ್ಕ ಹಾಕು.

ಶರಣು: ಅಲ್ಲಿ ಒಬ್ಬ ಮಾವ ಓ ಅದಾನ ಭಾಯಿ. ಮುಂದಿನ ತಿಂಗಳು ನಿಶ್ಚಯ.

ಮಹಾನಂದಾ: ಹಂಗಾದ್ರ ಬರೀಬ್ಯಾಡ, ಫೋನ್ ಹಚ್ಚು. ಈಗೇ.